ಮೊದಲನೇ ಡಿಕಾಕ್ಷನ್

ಸುಮಿತ್ರಾ ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟಳು. "ಇವತ್ತೂ ನೀರೇ ರೀ," ಎಂದಳು.

ಹಲ್ಲುಜ್ಜುತ್ತಿದ್ದ ನಾಣಿ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಚ್ಚಲಿನಿಂದ ಹೊರಗೆ ಬಂದ. ಮತ್ತೆ ಒಳಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು, ಹೆಂಡತಿಯ ಲೋಟದಿಂದಲೇ ಒಂದು ಗುಟುಕು ಕುಡಿದು, ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದ. ಮುಖ ಬಿಗಿಯಿತು. ಅರಸೀಕೆರೆಯಿಂದ ಬಂದು ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಕಾಫಿ ಮಾಡುತ್ತಿದ್ದ ಮನುಷ್ಯ ಅವನು. ಬ್ಯಾಂಕಿನವರು, ಕೋರ್ಟಿನ ವಕೀಲರು "ನಾಣಿ ಇದಾನಾ ಇವತ್ತು?" ಎಂದು ಕೇಳಿಕೊಂಡೇ ಒಳಗೆ ಬರುತ್ತಿದ್ದರು. ಸಂಜೆ ಇಳಿಸಿದ ಕೊನೆಯ ಫಿಲ್ಟರಿನ ಮೊದಲನೇ ಡಿಕಾಕ್ಷನ್ ದಿನಾ ಒಂದು ಬಾಟಲಿ ಮನೆಗೆ ಬರುತ್ತಿತ್ತು. ಬೆಳಗ್ಗೆ ಸುಮಿತ್ರಾ ಬಾಲವಾಡಿಯ ಕೆಲಸಕ್ಕೆ ಹೊರಡುವ ಮುಂಚೆ ನಾಣಿಯೇ ಹಾಲು ಕಾಯಿಸಿ ಅವಳಿಗೆ ಕಾಫಿ ಬೆರೆಸಿಕೊಡುತ್ತಿದ್ದ.

"ನಾನು ಇಳಿಸಿದ್ದು ಇದಲ್ಲ ಕಣೇ," ಎಂದ.

"ಹಾಗಾದ್ರೆ ಲೋಕಲ್ ಟ್ರೈನಲ್ಲಿ ಬರ್ತಾ ನೀರಾಯ್ತಾ?"

ಅಡುಗೆಮನೆಯ ಮೂಲೆಯಲ್ಲಿ ಅವರ ಮಗಳು ಧಾತ್ರಿ ಕಾಲುಚೀಲ ಹುಡುಕುವವಳಂತೆ ಬಗ್ಗಿ ಕೂತಿದ್ದಳು. ಕಾಲುಚೀಲ ಅವಳ ಕೈಯಲ್ಲೇ ಇತ್ತು. ಎಡಗಣ್ಣಿನ ರೆಪ್ಪೆ ಮೂರು ದಿನದಿಂದ ತನ್ನಷ್ಟಕ್ಕೆ ಅದುರುತ್ತಿತ್ತು. ಅದನ್ನು ಬೆರಳಿನಿಂದ ಒತ್ತಿ ಹಿಡಿದಳು. ಡಿಕಾಕ್ಷನ್ ಎಲ್ಲಿ ನೀರಾಗುತ್ತಿದೆಯೆಂದು ಆ ಮನೆಯಲ್ಲಿ ಗೊತ್ತಿದ್ದುದು ಅವಳೊಬ್ಬಳಿಗೇ.

ಧಾತ್ರಿಗೆ ಹದಿನಾರು. ಹನ್ನೊಂದನೇ ಕ್ಲಾಸು, ಸೈನ್ಸು. ಘಾಟ್ಕೋಪರ್‌ನಿಂದ ಮೆಟ್ರೋ ಹಿಡಿದು ಅಂಧೇರಿ ಕಡೆಯ ಕಾಲೇಜಿಗೆ ಹೋಗುತ್ತಿದ್ದಳು. ಅಲ್ಲಿ ಅವಳ ದನಿ ಕೇಳಿದವರು ಕಡಿಮೆ. ಹಾಜರಿ ಕರೆದಾಗ "ಪ್ರೆಸೆಂಟ್" ಅಂದದ್ದು ಮೇಷ್ಟ್ರಿಗೆ ಕೇಳಿಸದೆ ಎರಡು ಸಲ ಗೈರುಹಾಜರಿ ಬಿದ್ದಿತ್ತು. ಆದರೆ ಫೋನಿನ ಆಟವೊಂದರಲ್ಲಿ ಅವಳೇ ಬೇರೆ. ಒಂದು ದ್ವೀಪ, ಅದರ ಮೇಲೆ ನಾಲ್ಕು ನಾಲ್ಕು ಜನರ ಇಪ್ಪತ್ತೈದು ತಂಡ ಇಳಿಯುತ್ತವೆ, ಕೊನೆಗೆ ಉಳಿದ ತಂಡ ಗೆದ್ದ ಹಾಗೆ. ಅವರದೇ ಬಿಲ್ಡಿಂಗಿನ ಎರಡನೇ ಮಹಡಿಯ ಅಮೋಲ್, ಒಂದು ದಿನ ನಾಲ್ಕನೆಯವರು ಸಿಗಲಿಲ್ಲವೆಂದು ಅವಳನ್ನು ಸೇರಿಸಿಕೊಂಡಿದ್ದ. ತಿಂಗಳೊಳಗೆ ಅವಳೇ ಲೀಡರ್ ಆಗಿಬಿಟ್ಟಳು. ಇಯರ್‌ಫೋನಿನಲ್ಲಿ ಬರುವ ಹೆಜ್ಜೆಸದ್ದಿನಿಂದಲೇ ಎದುರಾಳಿ ಯಾವ ಗೋಡೆಯ ಹಿಂದೆ, ಎಷ್ಟು ದೂರದಲ್ಲಿದ್ದಾನೆ ಎಂದು ಅವಳಿಗೆ ತಿಳಿಯುತ್ತಿತ್ತು. "ಲೆಫ್ಟ್ ಮೇ ದೋ, ಸೀಡೀ ಕೆ ನೀಚೆ. ರುಕೋ. ಅಬ್!" ಎಂದು ಪಿಸುಗುಟ್ಟಿದರೆ ಅಮೋಲನೂ, ಅವಳು ಮುಖವನ್ನೇ ನೋಡಿರದ ನಾಸಿಕದ ಇನ್ನಿಬ್ಬರು ಹುಡುಗರೂ ಹಾಗೆಯೇ ಮಾಡುತ್ತಿದ್ದರು. ತನ್ನ ಒಂದು ಮಾತಿಗೆ ಯಾರಾದರೂ ಉಸಿರು ಹಿಡಿದು ಕಾಯುವುದು ಅವಳಿಗೆ ಅದೇ ಮೊದಲು.

ನವೆಂಬರಿನಲ್ಲಿ ಟೂರ್ನಮೆಂಟಿನ ಅರ್ಹತಾ ಸುತ್ತು ಇತ್ತು. ಅದಕ್ಕಾಗಿ ಬೇರೆ ತಂಡಗಳ ಜೊತೆ ಅಭ್ಯಾಸದ ಪಂದ್ಯಗಳು ಶುರುವಾಗುತ್ತಿದ್ದುದು ರಾತ್ರಿ ಹನ್ನೊಂದೂವರೆಗೆ, ಮುಗಿಯುತ್ತಿದ್ದುದು ಮೂರಕ್ಕೆ. ಅಪ್ಪ ಅಮ್ಮ ಹಾಲ್‌ನಲ್ಲಿ ಮಲಗಿದರೆ ಧಾತ್ರಿಯ ಹಾಸಿಗೆ ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕ. ಮೊದಲ ವಾರ ಒಂದು ಗಂಟೆಗೇ ಕಣ್ಣು ಎಳೆದು, ಅವಳಿಂದಾಗಿ ಒಂದು ಪಂದ್ಯ ಸೋತರು. ಮರುರಾತ್ರಿ ಫ್ರಿಜ್ಜು ತೆಗೆದು ಬಾಟಲಿಯ ಡಿಕಾಕ್ಷನ್ನನ್ನು ಎರಡು ಮುಚ್ಚಳ ಕುಡಿದಳು. ಕಹಿಗೆ ಮೈ ಜುಮ್ಮೆಂದಿತು. ಆಮೇಲೆ ಪರದೆಯ ಒಂದೊಂದು ಹುಲ್ಲುಗರಿಯೂ ಬೇರೆಬೇರೆಯಾಗಿ ಕಾಣಿಸಿತು. ಎರಡು ಮುಚ್ಚಳ ಕಾಲು ಲೋಟವಾಯಿತು, ಕಾಲು ಲೋಟ ಹೋಗಿ ಅರ್ಧ ಬಾಟಲಿಯಾಯಿತು. ಕಡಿಮೆಯಾದಷ್ಟಕ್ಕೆ ನಲ್ಲಿ ನೀರು ತುಂಬಿ ಇಡುತ್ತಿದ್ದಳು. ಬಣ್ಣವೇನೂ ಬದಲಾಗುತ್ತಿರಲಿಲ್ಲ.

ಮೂರಕ್ಕೆ ಫೋನು ಕೆಳಗಿಟ್ಟರೂ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಎದೆ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಎಡಕ್ಕೆ ಹೊರಳಿದರೆ ಅದು ಕಿವಿಯಲ್ಲಿ ಕೇಳಿಸುತ್ತಿತ್ತು, ಬಲಕ್ಕೆ ಹೊರಳಿದರೆ ಗಂಟಲಿನಲ್ಲಿ. ಬೆಳಕು ಹರಿಯುವ ಹೊತ್ತಿಗೆ ಜೊಂಪು ಹತ್ತಿದರೆ ಆರಕ್ಕೆ ಅಮ್ಮ ಎಬ್ಬಿಸುತ್ತಿದ್ದಳು. ಕ್ಲಾಸಿನಲ್ಲಿ ಮೊಣಕಾಲು ತಾನೇ ಕುಣಿಯುತ್ತಿತ್ತು. ಪಕ್ಕದವಳು "ಸ್ಟಾಪ್ ಇಟ್ ಯಾರ್" ಎಂದು ಕೈಯಿಟ್ಟು ಒತ್ತಿದರೂ ಕೈ ತೆಗೆದ ಕೂಡಲೇ ಮತ್ತೆ ಶುರು.

ಹೋಟೆಲಿನಲ್ಲಿ ಆ ಬಾಟಲಿಗೆ ಡಿಕಾಕ್ಷನ್ ತುಂಬುತ್ತಿದ್ದವನು ನಾಣಿಯಲ್ಲ, ಸಾಯಬಣ್ಣ. ಸಂಜೆ ಐದರ ಮೇಲೆ ಆಫೀಸು ಬಿಟ್ಟವರ ನೂಕುನುಗ್ಗಲಿನಲ್ಲಿ ನಾಣಿಗೆ ತಲೆಯೆತ್ತಲು ಪುರುಸೊತ್ತಿರುತ್ತಿರಲಿಲ್ಲ. ಹಿಂದಿನ ಒಲೆಯ ಹತ್ತಿರ ದೊಡ್ಡ ಹಿತ್ತಾಳೆ ಫಿಲ್ಟರಿನಿಂದ ಬಾಟಲಿ ತುಂಬಿ, ಬಟ್ಟೆ ಸುತ್ತಿ, ನಾಣಿಯ ಚೀಲದಲ್ಲಿ ಇಡುವುದು ಸಾಯಬಣ್ಣ ಇಷ್ಟಪಟ್ಟು ಮಾಡುತ್ತಿದ್ದ ಕೆಲಸ. ಅವನು ಯಾದಗಿರಿ ಕಡೆಯವನು, ಐವತ್ತರ ಆಸುಪಾಸು. ಸುತ್ತಲಿನ ಆಫೀಸುಗಳಿಗೆ ಫ್ಲಾಸ್ಕುಗಳಲ್ಲಿ ಕಾಫಿ ಒಯ್ಯುತ್ತಿದ್ದ. ನಾಣಿಯೂ ಅವನೂ ಇಪ್ಪತ್ತೆರಡು ವರ್ಷ ಒಂದೇ ಒಲೆಯ ಎರಡು ಬದಿಯಲ್ಲಿ ಬೆವರಿದವರು. ಧಾತ್ರಿ ಚಿಕ್ಕವಳಿದ್ದಾಗ ಹೋಟೆಲಿಗೆ ಹೋದರೆ ಸಕ್ಕರೆ ಮೂಟೆಯ ಮೇಲೆ ಅವಳನ್ನು ಕೂರಿಸಿ, ಕೇಸರಿಬಾತಿನಲ್ಲಿ ಗೋಡಂಬಿ ಹುಡುಕಿ ಹುಡುಕಿ ಕೊಡುತ್ತಿದ್ದವನು ಅವನೇ. ಅವಳು ಅವನನ್ನು ಕಾಕಾ ಎನ್ನುತ್ತಿದ್ದಳು.

ಆ ದಿನ ನಾಣಿ ಹೋಟೆಲಿಗೆ ಹೋದವನೇ ಅವನನ್ನು ನಿಲ್ಲಿಸಿದ.

"ಸಾಯಬಣ್ಣ, ಬಾಟ್ಲಿಗೆ ಏನು ತುಂಬ್ತಿದೀಯ ನೀನು?"

"ಏನ್ ತುಂಬ್ತೀನ್ರಿ, ಡಿಕಾಕ್ಷನ್ ತುಂಬ್ತೀನಿ."

"ಹದಿನೈದು ದಿನದಿಂದ ಮನೆಗೆ ನೀರು ಬರ್ತಿದೆ. ಉಳಿದಿದ್ದು ಎಲ್ಲಿಗೆ ಹೋಗ್ತಿದೆ?"

ಸಾಯಬಣ್ಣ ತಮಾಷೆಯೆಂದುಕೊಂಡು ನಕ್ಕ. ಆ ನಗುವೇ ನಾಣಿಯನ್ನು ಕೆರಳಿಸಿತು. ಹಿಂದಿನ ಗಲ್ಲಿಯ ಚಹಾದವನು ಇತ್ತೀಚೆಗೆ 'ಮದ್ರಾಸಿ ಕಾಫಿ' ಎಂದು ಬೋರ್ಡು ಹಾಕಿದ್ದ. ಸಾಯಬಣ್ಣ ಅವನ ಜೊತೆ ನಿಂತು ಮಾತಾಡಿದ್ದನ್ನು ನಾಣಿ ನೋಡಿದ್ದ. ಎರಡು ದಿನದಿಂದ ತಲೆಯಲ್ಲಿ ತಿರುಗುತ್ತಿದ್ದ, ಡಿಕಾಕ್ಷನ್ ಅವನಿಗೇ ಹೋಗುತ್ತಿದೆಯೆಂಬ ಮಾತು, ದೋಸೆಯವರೂ ಟೇಬಲ್ ಒರೆಸುವವರೂ ಕೇಳುವಂತೆ ಬಾಯಿಂದ ಬಿದ್ದೇಹೋಯಿತು.

"ಅಂದ್ರ ನಾ ಕದ್ದು ಮಾರ್ತೀನಿ?" ಎಂದ ಸಾಯಬಣ್ಣ. ನಗು ಹೋಗಿತ್ತು. "ಮತ್ತೊಮ್ಮೆ ಅನ್ರಿ ನೋಡೋಣ."

"ಮತ್ತೆ ನೀರು ಆಕಾಶದಿಂದ ಬಿತ್ತೇನೋ?"

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮಾಲೀಕ ಶಶಿಕಾಂತ ಶೆಟ್ಟರು, "ಜಗಳ ಎಂತಕ್ಕೆ ಮಾರಾಯ್ರೆ, ಗಿರಾಕಿಗಳು ಉಂಟು," ಎಂದರೇ ಹೊರತು ಯಾರ ಪರವೂ ಮಾತಾಡಲಿಲ್ಲ. ಸಾಯಬಣ್ಣ ಅವರ ಮುಖ ನೋಡಿದ, ನಾಣಿಯ ಮುಖ ನೋಡಿದ. ತಲೆಯ ಟೋಪಿ ತೆಗೆದು ಫ್ಲಾಸ್ಕಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ರಾತ್ರಿ ಊಟಕ್ಕೆ ಕೂತಾಗ ನಾಣಿ ಇದನ್ನೆಲ್ಲ ಹೆಂಡತಿಗೆ ಹೇಳಿದ. ಧಾತ್ರಿ ಕೈಯಲ್ಲಿದ್ದ ಚಪಾತಿಯನ್ನು ತಟ್ಟೆಗೆ ಹಾಕಿದಳು. ಹೇಳಿಬಿಡಬೇಕು ಅನ್ನಿಸಿತು. "ಪಪ್ಪಾ," ಎಂದಳು ಕೂಡ.

"ಏನಮ್ಮ?"

ತೊಡೆಯ ಮೇಲಿದ್ದ ಫೋನು ಅದುರಿತು. ಅಮೋಲನ ಮೆಸೇಜು: ಹನ್ನೊಂದೂವರೆ, ಲೇಟ್ ಮಾಡಬೇಡ. ಹೇಳಿದರೆ ಅಡುಗೆಮನೆಯ ಕತ್ತಲು, ಫ್ರಿಜ್ಜು, ಫೋನು, ಎಲ್ಲ ಒಟ್ಟಿಗೇ ಹೊರಗೆ ಬರುತ್ತವೆ. ಅರ್ಹತಾ ಸುತ್ತಿಗೆ ಇನ್ನು ಹದಿಮೂರು ದಿನ.

"ಕುಛ್ ನಹೀಂ. ಪಲ್ಯ ಚೆನ್ನಾಗಿದೆ," ಎಂದಳು.

ಆ ರಾತ್ರಿ ಅವಳು ಬಾಟಲಿಯನ್ನು ಮುಟ್ಟಲಿಲ್ಲ. ಬೆಳಗ್ಗೆ ಕಾಫಿ ಗಟ್ಟಿಯಾಗಿತ್ತು. ಸುಮಿತ್ರಾ ಒಂದು ಗುಟುಕು ಕುಡಿದು ಗಂಡನ ಮುಖ ನೋಡಿದಳು. ನಾಣಿ ಗೆದ್ದವನಂತೆ ಕಾಣಲಿಲ್ಲ. "ನಿನ್ನೆ ನಾನೇ ತುಂಬಿದ್ದು," ಎಂದು ಕಿಟಕಿಯ ಕಡೆ ತಿರುಗಿದ. "ಇಪ್ಪತ್ತೆರಡು ವರ್ಷ ಸುಮಿ. ಮನುಷ್ಯ ಹೀಗೆ ಅಂತ ಗೊತ್ತೇ ಆಗ್ಲಿಲ್ಲ ನೋಡು."

ತಾನು ಕುಡಿಯದೆ ಬಿಟ್ಟದ್ದೇ ಕಾಕಾನ ಮೇಲಿನ ಆರೋಪಕ್ಕೆ ಸಾಕ್ಷಿಯಾಯಿತೆಂದು ಧಾತ್ರಿಗೆ ಆ ಕ್ಷಣ ಹೊಳೆಯಿತು. ಶೂ ಲೇಸು ಕಟ್ಟದೆಯೇ ಮೆಟ್ಟಿಲಿಳಿದು ಓಡಿದಳು.

ಆಮೇಲಿನ ಒಂಬತ್ತು ದಿನ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಮೆಟ್ರೋ ಸ್ಟೇಷನ್ನಿನ ಕೆಳಗಿನ ಅಂಗಡಿಯಲ್ಲಿ ಎನರ್ಜಿ ಡ್ರಿಂಕಿನ ಕ್ಯಾನು, ಇನ್‌ಸ್ಟಂಟ್ ಕಾಫಿಯ ಸ್ಯಾಷೆ ಕೊಂಡು, ಕ್ಯಾನನ್ನು ಬ್ಯಾಗಿನಲ್ಲೂ ಸ್ಯಾಷೆಗಳನ್ನು ಜಾಮಿಟ್ರಿ ಡಬ್ಬಿಯಲ್ಲೂ ತುಂಬಿಕೊಂಡಳು. ಸ್ಯಾಷೆ ಹರಿದು ಪುಡಿಯನ್ನು ಹಾಗೇ ಬಾಯಿಗೆ ಸುರಿದುಕೊಂಡು ಮೇಲೆ ನೀರು ಕುಡಿಯುತ್ತಿದ್ದಳು. ಹೊಟ್ಟೆ ಉರಿ, ಒಣಗಿದ ತುಟಿ. ಮೆಟ್ರೋದಲ್ಲಿ ಸೀಟು ಸಿಕ್ಕರೂ ಕೂರಲಾಗದೆ ಬಾಗಿಲಿನಿಂದ ಬಾಗಿಲಿಗೆ ಓಡಾಡುತ್ತಿದ್ದಳು. ಇದೊಂದು ಟೂರ್ನಮೆಂಟು ಮುಗಿಯಲಿ, ಎಲ್ಲ ಹೇಳಿಬಿಡುತ್ತೇನೆ ಎಂದು ತನಗೆ ತಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದಳು. ಆಟವೂ ಕೈಕೊಡತೊಡಗಿತು. ಇಲ್ಲದ ಹೆಜ್ಜೆಗಳು ಕೇಳಿಸುತ್ತಿದ್ದವು. ಒಂದು ಪಂದ್ಯದಲ್ಲಿ ಅವಳು "ಪೀಛೆ! ಪೀಛೆ!" ಎಂದಾಗ ಮೂವರೂ ತಿರುಗಿ ಗುಂಡು ಹಾರಿಸಿದರು. ಹಿಂದೆ ಯಾರೂ ಇರಲಿಲ್ಲ. ಮುಂದಿನಿಂದ ಬಂದವರು ನಾಲ್ವರನ್ನೂ ಹೊಡೆದು ಹೋದರು.

"ಕೋಯಿ ನಹೀಂ ಥಾ ಯಾರ್," ಎಂದ ಅಮೋಲ್. "ತೂ ಸೋತೀ ಹೈ ಕಿ ನಹೀಂ?"

"ಸೋತೀ ಹೂಂ," ನಿದ್ದೆ ಮಾಡುತ್ತಿದ್ದೇನೆ ಎಂದು ಸುಳ್ಳು ಹೇಳಿದಳು.

ಹತ್ತನೆಯ ದಿನ, ಗುರುವಾರ ಬೆಳಗ್ಗೆ, ಘಾಟ್ಕೋಪರ್ ಮೆಟ್ರೋದ ಮೆಟ್ಟಿಲು ಹತ್ತುತ್ತಿದ್ದಾಗ ಎದೆಬಡಿತ ಒಂದು ಸಲ ತಪ್ಪಿದಂತಾಗಿ, ಮರುಕ್ಷಣ ಲೆಕ್ಕಕ್ಕೆ ಸಿಗದ ವೇಗದಲ್ಲಿ ಓಡತೊಡಗಿತು. ಮುಂದಿನವರ ಬೆನ್ನು ಹಳದಿಯಾಯಿತು. ಬೆರಳ ತುದಿಗಳು ಜೋಮು ಹಿಡಿದವು. ಹಿಂದೆ ನೂರಾರು ಜನ ಒತ್ತಿಕೊಂಡು ಬರುತ್ತಿದ್ದರು. ಅವಳು ಅವರ ಮೇಲೆಯೇ ಹಿಂದಕ್ಕೆ ವಾಲಿದಳು. ಟಿಫಿನ್ ಚೀಲ ಹಿಡಿದ ಹೆಂಗಸೊಬ್ಬಳು "ಅಗೋ ಬಾಈ!" ಎಂದು ಕಿರುಚಿ, ಅವಳ ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಒರಗಿಸಿದಳು. ಆ ಹೆಂಗಸು ತಡಮಾಡಿದ್ದರೆ ಧಾತ್ರಿ ಮೂವತ್ತು ಮೆಟ್ಟಿಲು ಕೆಳಗೆ ಬೀಳುತ್ತಿದ್ದಳು. ಅದೂ ಜನರ ಕಾಲಡಿಗೆ.

ಹತ್ತಿರದ ದವಾಖಾನೆಗೆ ಸುಮಿತ್ರಾ ಬಾಲವಾಡಿಯಿಂದ ಓಡಿ ಬಂದಳು. ಮುಕ್ಕಾಲು ಗಂಟೆಯ ಮೇಲೆ ನಾಣಿ ಏಪ್ರನ್ ಕೂಡ ಬಿಚ್ಚದೆ ಫೋರ್ಟಿನಿಂದ ಬಂದ. ಡಾಕ್ಟರು ನಡುವಯಸ್ಸಿನ ಹೆಂಗಸು. ಇಸಿಜಿಯ ಕಾಗದ ನೋಡಿ, ಹೃದಯಕ್ಕೆ ಏನೂ ಆಗಿಲ್ಲ, ಓಟ ಮಾತ್ರ ಜೋರಾಗಿದೆ ಎಂದರು. ಆಮೇಲೆ ಕುರ್ಚಿಯನ್ನು ಧಾತ್ರಿಯ ಹತ್ತಿರ ಎಳೆದುಕೊಂಡು ಹಿಂದಿಯಲ್ಲಿ ಕೇಳಿದರು. ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀಯ? ಮೂರಕ್ಕೆ, ನಾಲ್ಕಕ್ಕೆ. ಏನು ಕುಡಿಯುತ್ತೀಯ? ಎರಡು ಕ್ಯಾನು, ಐದಾರು ಸ್ಯಾಷೆ. ಯಾವಾಗಿನಿಂದ?

"ಸ್ಯಾಷೆ ನೌ ದಿನ್ ಸೇ."

"ಅದಕ್ಕೆ ಮುಂಚೆ?"

ಧಾತ್ರಿ ಅಪ್ಪನ ಕಡೆ ನೋಡಿದಳು. ನಾಣಿ ಬಾಗಿಲ ಬಳಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

"ಪಪ್ಪಾ ಕಾ ಡಿಕಾಕ್ಷನ್," ಎಂದಳು. "ರೋಜ್ ಆಧಾ ಬಾಟಲ್."

ಡಾಕ್ಟರು ಮುಂದೆ ಹೇಳಿದ್ದನ್ನೆಲ್ಲ ಸುಮಿತ್ರಾ ಒಬ್ಬಳೇ ಕೇಳಿಸಿಕೊಂಡಳು: ಕಾಫಿ, ಕ್ಯಾನು ಎಲ್ಲ ನಿಲ್ಲಿಸಬೇಕು, ಕೆಲವು ದಿನ ತಲೆನೋವು ಬರುತ್ತದೆ, ಹೆದರಬೇಡಿ, ಒಂಬತ್ತರ ಮೇಲೆ ಫೋನು ಬೇಡ, ಈ ವಯಸ್ಸಿನಲ್ಲಿ ಎಂಟೊಂಬತ್ತು ಗಂಟೆ ನಿದ್ದೆ ಬೇಕೇ ಬೇಕು. ನಾಣಿಗೆ ಕೇಳಿಸಿದ್ದು ಅರ್ಧ ಬಾಟಲಿ ಎಂಬುದೊಂದೇ. ಅರ್ಧ ಬಾಟಲಿ ಮೊದಲನೇ ಡಿಕಾಕ್ಷನ್ ಎಂದರೆ ಹತ್ತು ಜನರ ಕಾಫಿ. ಆ ಹತ್ತು ಲೋಟಗಳೂ, ಅವನ್ನು ಖಾಲಿ ಮಾಡುವ ಹತ್ತು ಗಂಡಸರೂ ಅವನ ಕಣ್ಣ ಮುಂದೆ ನಿಂತರು. ಅವರ ನಡುವೆ ನಲವತ್ತೆರಡು ಕೇಜಿ ತೂಕದ ಈ ಮಗು.

ಮನೆಗೆ ಹೋಗುವ ರಿಕ್ಷಾದಲ್ಲಿ ಕೇಳಿದ: "ನೀರು ನೀನು ಹಾಕ್ತಿದ್ಯಾ?"

"ಹ್ಞೂಂ."

"ಸಾಯಬಣ್ಣ ಹೋದ ದಿನ, ಊಟಕ್ಕೆ ಕೂತಾಗ ಗೊತ್ತಿತ್ತಲ್ವಾ ನಿಂಗೆ?"

"ಗೊತ್ತಿತ್ತು ಪಪ್ಪಾ."

ನಾಣಿ ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಾಗ ಇಳಿದು, ಬಿಸಿಲಿನಲ್ಲಿ ನಡೆದುಕೊಂಡು ಹೊರಟುಬಿಟ್ಟ. ಮನೆ ಸೇರಿದ್ದು ಎರಡು ಗಂಟೆ ಬಿಟ್ಟು.

ತಲೆನೋವು ಡಾಕ್ಟರು ಹೇಳಿದ್ದಕ್ಕಿಂತ ಜೋರಾಗಿ ಬಂತು. ಹಣೆಯ ಎರಡೂ ಬದಿಯನ್ನು ಯಾರೋ ಹಿಂಡಿದ ಹಾಗೆ. ಫೋನು ಅಮ್ಮನ ಕಪಾಟಿನಲ್ಲಿ, ಸೀರೆಗಳ ಕೆಳಗೆ ಹೋಯಿತು. ಧಾತ್ರಿ ಹಗಲಿನಲ್ಲಿ ತೂಕಡಿಸಿ ರಾತ್ರಿ ಎದ್ದು ಕೂರುತ್ತಿದ್ದಳು. ಭಾನುವಾರ ರಾತ್ರಿ ಅರ್ಹತಾ ಸುತ್ತು ನಡೆಯಿತು. ಸೋಮವಾರ ಅಮೋಲ್ ಬಾಗಿಲಿಗೆ ಬಂದ. ಅವಳ ಜಾಗಕ್ಕೆ ಅವನ ಸೋದರಮಾವನ ಮಗನನ್ನು ಹಾಕಿಕೊಂಡಿದ್ದರು. "ಕ್ವಾಲಿಫೈ ಹೋ ಗಯೇ!" ಎಂದವನು ಅವಳ ಮುಖ ನೋಡಿ ದನಿ ತಗ್ಗಿಸಿದ. "ಚೌಥೇ ನಂಬರ್ ಪೇ."

"ಕಾಂಗ್ರಾಟ್ಸ್," ಎಂದಳು. ಬಾಗಿಲು ಹಾಕಿದ ಮೇಲೆ ಅವಳಿಗೆ ಕೂರಲಾಗಲಿಲ್ಲ. ಹಾಲ್‌ನಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ. ಹೋಗಿ ಬಂದು, ಹೋಗಿ ಬಂದು. ತಾನಿಲ್ಲದೆಯೂ ಗೆದ್ದರು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಕೊರೆಯುತ್ತಿತ್ತು: ಈ ಆಟಕ್ಕಾಗಿ ಒಬ್ಬ ಮನುಷ್ಯನ ಹೆಸರು ಕೆಡಲು ಬಿಟ್ಟೆ.

ಅಪ್ಪ ಸಾಯಬಣ್ಣನ ಹತ್ತಿರ ಹೋಗಿರಲಿಲ್ಲ. ದಿನಾ ರಾತ್ರಿ "ನಾಳೆ ಹೋಗ್ತೀನಿ" ಎನ್ನುತ್ತಿದ್ದ, ಬೆಳಗ್ಗೆ "ಏನಂತ ಹೋಗ್ಲಿ?" ಎನ್ನುತ್ತಿದ್ದ. ಸಾಯಬಣ್ಣ ದಾದರ್ ಹೂವಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದಾನೆ, ಅವನ ಹೆಂಡತಿ ಸುಂದ್ರವ್ವ ಅಲ್ಲೇ ಹಾರ ಕಟ್ಟುತ್ತಾಳೆ ಎಂದು ದೋಸೆಯವನು ಫೋನಿನಲ್ಲಿ ಹೇಳಿದ್ದ. ಮಂಗಳವಾರ ಬೆಳಗ್ಗೆ ಧಾತ್ರಿ ಅಮ್ಮನಿಗೆ ಹೇಳಿದಳು, "ನಾನು ಹೋಗ್ತೀನಿ."

"ಒಬ್ಳೇ?"

"ಮೈನೇ ಕಿಯಾ ನಾ, ಮಮ್ಮಿ. ಮಾಡಿದ್ದು ನಾನೇ."

ದಾದರಿನ ಸೇತುವೆ ಇಳಿದರೆ ನೆಲವೆಲ್ಲ ಒದ್ದೆ, ತುಳಿದ ಚೆಂಡುಹೂವಿನ ಕೆಸರು. ಕೂಗು, ನೂಕಾಟ. ಸಾಯಬಣ್ಣ ಅವಳನ್ನು ಮೊದಲು ನೋಡಿದ. ಬೆನ್ನಿನ ಮೇಲೆ ಅವನಿಗಿಂತ ದೊಡ್ಡ ಮೂಟೆ. ಅದನ್ನು ಇಳಿಸಿ, ಸೊಂಟ ಹಿಡಿದುಕೊಂಡು ನೆಟ್ಟಗಾಗಲು ಅವನಿಗೆ ಹೊತ್ತು ಬೇಕಾಯಿತು.

"ನಿಮ್ಮಪ್ಪ ಕಳಿಸ್ಯಾನೇನು?"

"ಇಲ್ಲ ಕಾಕಾ. ನಾನೇ..." ಅವಳಿಗೆ ಕನ್ನಡದ ಪದಗಳು ಒಂದೊಂದೇ ಸಿಕ್ಕವು. "ಡಿಕಾಕ್ಷನ್ ನಾನು ಕುಡೀತಿದ್ದೆ. ರಾತ್ರಿ. ಗೇಮ್‌ಗೆ, ಜಾಗ್ನೇಕೋ, ನಿದ್ದೆ ಬರ್ಬಾರ್ದು ಅಂತ. ನೀರು ನಾನು ಹಾಕಿದ್ದು. ನಿಮ್ಮ ಮೇಲೆ ಬಂತು. ನಾನು ಹೇಳಿಲ್ಲ. ಸಾರಿ ಕಾಕಾ."

ಹಾರ ಕಟ್ಟುತ್ತಿದ್ದ ಸುಂದ್ರವ್ವನ ಕೈ ನಿಂತಿತು. "ಅಯ್ಯ, ಎಷ್ಟು ಸಸಾರ ಹೇಳ್ತಿಯವ್ವಾ!" ಎಂದಳು. "ಈ ಮನಿಷ್ಯಾ ಹದಿನೈದು ದಿನ ಆತು, ಕಣ್ಣು ಮುಚ್ಚಿಲ್ಲ. ನಡುರಾತ್ರ್ಯಾಗ ಎದ್ದು ಕುಂತು ನಾ ಕದ್ದಿಲ್ಲ, ನಾ ಕದ್ದಿಲ್ಲ ಅಂತಾನ. ಯಾರಿಗೆ ಹೇಳ್ತಿದ್ದ? ಗ್ವಾಡಿಗಿ ಹೇಳ್ತಿದ್ದ."

ಧಾತ್ರಿಗೆ ಅಳು ಬಂತು. ಸಾಯಬಣ್ಣ ಅಳಬೇಡ ಎನ್ನಲಿಲ್ಲ. ಅವಳ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿ ಹೇಳಿದ: "ನಿಮ್ಮಪ್ಪ ಆ ಮಾತು ಹೋಟೆಲ್‌ದಾಗ ಎಲ್ಲಾ ಮಂದಿ ಮುಂದ ಅಂದ. ನೀ ಇಲ್ಲಿ ಬಂದು ನನ್ನ ಕಿವ್ಯಾಗ ಹೇಳಿದ್ರ ಏನು ಬಂತು? ಅಲ್ಲಿ ಬಂದು ಹೇಳ್ತಿಯೇನು?"

"ಹೇಳ್ತೀನಿ."

"ನಾಳೆ ನಾಕ ಗಂಟೆಕ್ಕ. ಗದ್ದಲ ಸುರು ಆಗೂಕಿಂತ ಮೊದ್ಲ."

ಮರುದಿನ ನಾಲ್ಕಕ್ಕೆ ಧಾತ್ರಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕ ನಿಂತಿದ್ದಳು. ಅಪ್ಪನಿಗೆ ಹಿಂದಿನ ರಾತ್ರಿಯೇ ಹೇಳಿದ್ದಳು. ಸಾಯಬಣ್ಣ, ಸುಂದ್ರವ್ವ ಬಾಗಿಲ ಒಳಗೆ ಗೋಡೆಗೆ ಒರಗಿ ನಿಂತರು. ಶೆಟ್ಟರು ದೋಸೆಯವರನ್ನೂ ಟೇಬಲ್ಲಿನವರನ್ನೂ ಕರೆದರು. ಎಂಟು ಮುಖಗಳು ಅವಳನ್ನೇ ನೋಡಿದವು. ಹಿಂದಿಯಲ್ಲಿ ಶುರುಮಾಡಿದಳು.

"ಕನ್ನಡದಾಗ," ಎಂದ ಸಾಯಬಣ್ಣ ಗೋಡೆಯ ಬಳಿಯಿಂದ. "ಅವತ್ತು ಕನ್ನಡದಾಗ ಅಂದಿದ್ರು."

"ಡಿಕಾಕ್ಷನ್ ನಾನು ಕುಡಿದೆ," ಎಂದಳು ಧಾತ್ರಿ. "ನೀರು ನಾನು ಹಾಕಿದೆ. ಸಾಯಬಣ್ಣ ಕಾಕಾ ಏನೂ ತಗೊಂಡಿಲ್ಲ. ಏನೂ ಇಲ್ಲ. ನನಗೆ ಗೊತ್ತಿತ್ತು, ಸುಮ್ನೆ ಇದ್ದೆ." ಕೊನೆಯ ಮಾತು ಬೇಕಾದದ್ದಕ್ಕಿಂತ ಜೋರಾಗಿ ಬಂತು. ಬಾಗಿಲ ಹತ್ತಿರದ ಟೇಬಲ್ಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರು ತಿರುಗಿ ನೋಡಿದರು.

ನಾಣಿ ಕೌಂಟರಿನ ಹಿಂದಿನಿಂದ ಈಚೆ ಬಂದ. ಏಪ್ರನ್ನಿಗೆ ಕೈ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. "ಕುಡಿದಿದ್ದು ಅವಳ ತಪ್ಪು," ಎಂದ. "ಬಾಯಿಗೆ ಬಂದ ಹಾಗೆ ಅಂದಿದ್ದು ನನ್ನದು. ಒಂದು ಸಲ ಮನೇಲಿ ವಿಚಾರಿಸಿ ನೋಡ್ಲಿಲ್ಲ ನಾನು. ತಪ್ಪಾಯ್ತು ಸಾಯಬಣ್ಣ." ಕೈ ಮುಗಿದ.

ಸಾಯಬಣ್ಣ ಆ ಮುಗಿದ ಕೈಗಳನ್ನು ನೋಡಿದ. "ಆತು," ಎಂದ. ಶೆಟ್ಟರು ನಾಳೆಯಿಂದ ಕೆಲಸಕ್ಕೆ ಬಾ ಎಂದಾಗ, "ನೋಡೂನ್ರಿ," ಎಂದಷ್ಟೇ ಹೇಳಿ ಹೆಂಡತಿಯ ಜೊತೆ ಸ್ಟೇಷನ್ನಿನ ಕಡೆ ನಡೆದ. ಸುಂದ್ರವ್ವ ಮಾತ್ರ ಬಾಗಿಲಲ್ಲಿ ಒಮ್ಮೆ ತಿರುಗಿ ಧಾತ್ರಿಗೆ ಹೇಳಿದಳು: "ಮನಿಗಿ ಹೋಗಿ ಮಕ್ಕೋ, ನಿದ್ದಿ ಮಾಡು. ಮಾರಿ ನೋಡು ಹ್ಯಾಂಗಾಗ್ಯಾದ."

ಸಾಯಬಣ್ಣ ಹೋಟೆಲಿಗೆ ವಾಪಸು ಬಂದದ್ದು ಮೂರು ವಾರದ ಮೇಲೆ, ಮೂಟೆ ಹೊತ್ತು ಸೊಂಟ ಹಿಡಿದುಕೊಂಡಾಗ. ನಾಣಿಯ ಜೊತೆ ಕೆಲಸದ ಮಾತಾಡುತ್ತಾನೆ. ಎರಡು ಫ್ಲಾಸ್ಕು ಕಡಿಮೆಯಿದೆ, ಹಾಲು ಬಂತು, ಅಷ್ಟೇ. ಮೊದಲಿನ ನಗೆಚಾಟಿಕೆ ಇಲ್ಲ. ನಾಣಿ ಮನೆಗೆ ಬಂದು, "ಇವತ್ತು ಹವಾ ತಂಪದ ಅಂದ ಕಣೇ," ಎಂದು ಹೆಂಡತಿಗೆ ಹೇಳುವಾಗ ಅದೇ ದೊಡ್ಡದೆಂಬಂತೆ ಹೇಳುತ್ತಾನೆ.

ಧಾತ್ರಿ ಆಟ ಬಿಟ್ಟಿಲ್ಲ. ಸಂಜೆ ಆರರಿಂದ ಏಳೂವರೆ, ಹಾಲ್‌ನಲ್ಲಿ, ಎಲ್ಲರ ಎದುರು. ಆ ಹೊತ್ತಿಗೆ ಆಡಲು ಸಿಗುವವರು ಹೆಚ್ಚಾಗಿ ಏಳನೇ ಎಂಟನೇ ಕ್ಲಾಸಿನ ಮಕ್ಕಳು. ಅವಳ ಮಾತು ಕೇಳದೆ ಕಂಡಕಂಡ ಕಡೆ ಓಡಿ ಸಾಯುತ್ತಾರೆ. ಅಮೋಲನ ತಂಡ ಮುಂದಿನ ಸುತ್ತಿನಲ್ಲಿ ಸೋತಿತು. ಮತ್ತೆ ಬಾ ಎಂದು ಕರೆದಾಗ, ಹತ್ತರೊಳಗೆ ಮುಗಿಯುವುದಾದರೆ ಬರುತ್ತೇನೆ ಎಂದಳು. ಅವನು ಯೋಚಿಸಿ ಹೇಳುತ್ತೇನೆ ಎಂದವನು ಇನ್ನೂ ಹೇಳಿಲ್ಲ.

ನಿದ್ದೆ ಸುಲಭವಾಗಿ ಮರಳಲಿಲ್ಲ. ದೀಪ ಆರಿಸಿದ ಮೇಲೆ ಅವಳ ಹೆಬ್ಬೆರಳುಗಳು ಹೊದಿಕೆಯ ಮೇಲೆ ಆಡುತ್ತಲೇ ಇರುತ್ತಿದ್ದವು. ಹನ್ನೊಂದೂವರೆ ಆಯಿತೆಂದು ಗಡಿಯಾರ ನೋಡದೆಯೇ ಮೈಗೆ ತಿಳಿಯುತ್ತಿತ್ತು. ಅಮ್ಮ ಈಚೆಗೆ ತನ್ನ ಹಾಸಿಗೆಯನ್ನೂ ಅಡುಗೆಮನೆಗೆ ತಂದು ಹಾಕಿಕೊಂಡಿದ್ದಳು. ಒಂದು ಕೈ ಮಗಳ ಎದೆಯ ಮೇಲಿಟ್ಟು, ಬಾಲವಾಡಿಯ ಮಕ್ಕಳು ಅವತ್ತು ಏನೇನು ಮಾಡಿದರೆಂದು ಒಂದೇ ದನಿಯಲ್ಲಿ ಹೇಳುತ್ತಾ ಹೋಗುತ್ತಿದ್ದಳು. ಡಿಸೆಂಬರಿನ ಒಂದು ಶುಕ್ರವಾರ, ಯಾವನೋ ಹುಡುಗ ಬಳಪ ನುಂಗಿದ ಕಥೆ ಅರ್ಧವಾಗಿತ್ತು. ಆಮೇಲೆ ಆ ಹುಡುಗನಿಗೆ ಏನಾಯಿತೆಂದು ಧಾತ್ರಿ ಬೆಳಗ್ಗೆ ಏಳು ಗಂಟೆಗೆ ಎದ್ದು ಕೇಳಬೇಕಾಯಿತು.